ಶನಿವಾರವೇ ಬರುವ ತಮ್ಮನಿಗೆ

ದೀಪಾಂಜಲಿ ನಗರ
ಮಂಗಳವಾರ

ಪ್ರಿಯ ಮಹದೇವ,

ನೀನು ಕಳಿಸಿದ ಶೇವಿಂಗ್ ಬ್ರಷ್‌ನ ಫೋಟೋ ನೋಡಿದೆ. ಕೊಂಬಿನ ಹಿಡಿ ಚೆನ್ನಾಗಿದೆ. "ಇದನ್ನೂ ತಗೊಳ್ಳಲೋ ಬೇಡ್ವೋ, ನೀನೇ ಹೇಳಕ್ಕ" ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ನಕ್ಕು ಮಾತು ಬದಲಾಯಿಸುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಹಾಸಿಗೆ ಹಿಡಿದ ಮೇಲೆ ಅವರ ಗಡ್ಡ ತೆಗೆಯುವವಳು ನಾನೇ. ಸೋಪನ್ನು ಬೆರಳಿನಲ್ಲೇ ಹಚ್ಚುತ್ತೇನೆ. "ಅವ್ನತ್ರ ಅಷ್ಟೊಂದು ಬ್ರಷ್ ಐತಲ್ಲವ್ವಾ, ಒಂದ್ಸಲ ಅವ್ನೇ ಬಂದು ಬಳೀಲಿ" ಎನ್ನುತ್ತಾರೆ. ನಾನು ಕೇಳಿದ್ದಕ್ಕೆ ನೀನು, "ಅವು ನೀರಿಗೆ ಹಾಕೋವಲ್ಲ ಕಣಕ್ಕ, ಕಲೆಕ್ಷನ್" ಎಂದೆ. ಅಲ್ಲಿಂದೀಚೆಗೆ ನೀನು ನಾಗರಬಾವಿಯಿಂದ ಬರುವುದು ಶನಿವಾರ ಮಾತ್ರ. ಶನಿವಾರ ಅಪ್ಪ ಮುಖಕ್ಕೆ ಬ್ಲೇಡು ಮುಟ್ಟಿಸಿಕೊಳ್ಳುವುದಿಲ್ಲ ಎಂಬುದು ನಿನಗೆ ಚಿಕ್ಕಂದಿನಿಂದ ಗೊತ್ತು.

ಮೊನ್ನೆ ಭಾನುವಾರ ಬೆಳಿಗ್ಗೆಯಿಂದ ಅಪ್ಪ ಕನ್ನಡಿ ಹಿಡಿದುಕೊಂಡು ನಿನಗಾಗಿ ಕಾದರು. ಊಟದ ಹೊತ್ತಿಗೆ ಕನ್ನಡಿಯನ್ನು ನನ್ನ ಕೈಗೆ ಕೊಟ್ಟು, "ನೀನೇ ಮಾಡ್ಬುಡವ್ವ" ಎಂದರು.

ಬ್ರಷ್ ಕೊಂಡುಕೋ. ನಿನ್ನ ಗಾಜಿನ ಬೀರುವಿನಲ್ಲಿ ಜಾಗ ಇದ್ದೇ ಇರುತ್ತದೆ. ಆದರೆ ಈ ಭಾನುವಾರ ಅದರಲ್ಲಿ ಯಾವುದಾದರೂ ಒಂದನ್ನು ಹಿಡಿದುಕೊಂಡು ಬಾ. ಬಿಸಿನೀರು ಕಾಯಿಸಿ ಇಟ್ಟಿರುತ್ತೇನೆ.

ಬರಲಾಗದಿದ್ದರೆ ಒಂದು ವಿಷಯ ನೆನಪಿರಲಿ. ನಮ್ಮಲ್ಲಿ ಹೆಣಕ್ಕೆ ನೀರು ಹಾಕುವ ಮುಂಚೆಯೂ ಗಡ್ಡ ತೆಗೆಯುತ್ತಾರೆ. ಅದಕ್ಕೆ ವಾರ ನೋಡುವುದಿಲ್ಲ. ಅವತ್ತು ನೀನು ಓಡಿ ಬರುತ್ತೀಯ. ಬರುವಾಗ ಬ್ರಷ್ ತರಬೇಡ. ಆ ಮುಖ ನನ್ನ ಬೆರಳಿಗೆ ರೂಢಿಯಾಗಿದೆ.

ನಿನ್ನ ಅಕ್ಕ,
ಕುಸುಮಾ