ಸಭಿಕರ ಕೊರತೆಯಿಂದ ರದ್ದಾದ ಉಪನ್ಯಾಸ

ಬಿಡುವು ೯, ೨೧೮೭
ಮಂಗಳವಾರ, ನಸುಕು

ಮಾನ್ಯ ವನಮಾಲಾ ಬೆಳವಣಕಿ ಮೇಡಂ ಅವರಿಗೆ,

ಒಂದು ಮಾತನ್ನು ಬರೆಯದೆಯೇ ಈ ಪತ್ರ ಮುಗಿಸಿಬಿಡುವವಳಿದ್ದೆ. ಮೊದಲ ಎರಡು ಕರಡುಗಳಲ್ಲಿ ಅದು ಇಲ್ಲ. ಅಲ್ಲಿ ನಿಮ್ಮ ಯೋಗಕ್ಷೇಮ ಕೇಳಿ, ನಿಮ್ಮ ಉಪನ್ಯಾಸದ ಒಂದು ಪ್ರತಿಯನ್ನು ಬೇಡಿ, ವಂದನೆ ಹೇಳಿ ಸುಮ್ಮನಾಗಿದ್ದೇನೆ. ಮೂರನೆಯ ಬಾರಿ ಬರೆಯಲು ಕೂತಾಗ, ಬೇಡುವವಳು ಮೊದಲು ಒಪ್ಪಿಕೊಳ್ಳಬೇಕು ಅನ್ನಿಸಿತು. ನಿಮ್ಮನ್ನು ಕೇಳದೆ ನಿಮ್ಮ ಹೆಸರನ್ನು ನಮ್ಮ ಕಾಲೇಜಿನ ಸುದ್ದಿಹಾಳೆಯಲ್ಲಿ ಸಾರಿದ್ದೇನೆ. ಬರುವ ಮೇ ನಾಲ್ಕರಂದು ನೀವು ಇಲ್ಲಿ ಉಪನ್ಯಾಸ ಕೊಡಲಿದ್ದೀರಿ ಎಂದು ಬರೆದಿದ್ದೇನೆ. ನೀವು ತೀರಿಕೊಂಡು ನೂರು ವರ್ಷವಾದರೂ ಆಗಿರಬೇಕು.

ಮೇಲಿನ ತಾರೀಖು ನಿಮಗೆ ಕೈತಪ್ಪಿನಂತೆ ಕಾಣುತ್ತದೆ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು, ತಿಂಗಳಿಗೆ ಇಪ್ಪತ್ತೆಂಟು ದಿನ. ಏಪ್ರಿಲ್ ಮತ್ತು ಮೇ ನಡುವೆ ಬರುವ ತಿಂಗಳಿಗೆ ಬಿಡುವು ಎಂದು ಹೆಸರು. ಆ ತಿಂಗಳ ಬಿಸಿಲಿಗೆ ಯಾರೂ ದುಡಿಯುವುದಿಲ್ಲ, ಊರು ಬಿಟ್ಟು ಹೋಗುವುದೂ ಅಪರೂಪ. ನನ್ನ ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿದರೆ ಕ್ಷಮಿಸಿ. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಮನೆಯಲ್ಲಿ ಕನ್ನಡ ಆಡಿದ್ದೆ, ಬರೆದಿರಲಿಲ್ಲ. ಮೂವತ್ತಾರನೆಯ ವಯಸ್ಸಿನಲ್ಲಿ ಈ ಕಾಲೇಜಿಗೆ ಬಂದ ಮೇಲೆ, ಗ್ರಂಥಾಲಯದಲ್ಲಿ ಉಳಿದಿದ್ದ ನಿಮ್ಮ ‘ವಾರದ ಸುದ್ದಿ’ಯ ಕಟ್ಟನ್ನು ಮುಂದಿಟ್ಟುಕೊಂಡು ಬರೆಯಲು ಕಲಿತೆ. ಅಣ್ಣನಿಗೆ ಬರೆದ ಮೊದಲ ಕನ್ನಡ ಪತ್ರದಲ್ಲಿ ‘ತಾವು ಹಬ್ಬಕ್ಕೆ ಕಡ್ಡಾಯವಾಗಿ ಹಾಜರಿರತಕ್ಕದ್ದು, ತಪ್ಪಿದಲ್ಲಿ ಸೂಕ್ತ ಕಾರಣ ತಿಳಿಸತಕ್ಕದ್ದು’ ಎಂದಿದ್ದೆ. ಅವನು ಬರಲಿಲ್ಲ. ಸೂಕ್ತ ಕಾರಣ ತಿಳಿಸಿದ.

ಒಂಬತ್ತು ವರ್ಷಗಳಿಂದ ನಿಮ್ಮ ಹಾಳೆಗಳನ್ನು ಓದುತ್ತಿದ್ದೇನೆ. ನೀವು ಇತಿಹಾಸ ಹೇಳುತ್ತಿದ್ದಿರಿ, ಸೋಮವಾರಕ್ಕೊಮ್ಮೆ ಈ ಹಾಳೆ ಬರೆದು ಸೂಚನಾ ಫಲಕಕ್ಕೆ ಹಚ್ಚುತ್ತಿದ್ದಿರಿ. ನಿಮ್ಮ ಬಗ್ಗೆ ನನಗೆ ತಿಳಿದದ್ದು ಇಷ್ಟೇ. ಆದರೆ ನಿಮ್ಮ ಕಾಲೇಜು ಚೆನ್ನಾಗಿ ಗೊತ್ತು. ಸೈಕಲ್ ಸ್ಟ್ಯಾಂಡಿನಲ್ಲಿ ಹಾವು ಕಂಡಿದೆ, ಹೆದರಬಾರದು, ಹೊಡೆಯಲೂಬಾರದು. ಹುಡುಗಿಯರ ವಿಶ್ರಾಂತಿ ಕೋಣೆಯ ಫ್ಯಾನು ದುರಸ್ತಿಯಾಗಿದೆ. ಐದನೆಯ ಸೆಮಿಸ್ಟರಿನವರು ಹಾಲ್ ಟಿಕೆಟ್ ಒಯ್ಯತಕ್ಕದ್ದು. ನ್ಯಾಕ್ ಬರುತ್ತಿದೆ. ಈ ನ್ಯಾಕ್ ಯಾರೆಂದು ನಾನು ಬಹಳ ದಿನ ಯೋಚಿಸಿದೆ. ಅದು ಬರುವ ವಾರ ನೀವೆಲ್ಲ ಗೋಡೆಗೆ ಸುಣ್ಣ ಬಳಿದಿರಿ, ಬಾಗಿಲಿಗೆ ತೋರಣ ಕಟ್ಟಿದಿರಿ, ಹುಡುಗರು ಶಿಸ್ತಿನಿಂದ ಇರಬೇಕೆಂದು ಬೇಡಿಕೊಂಡಿರಿ. ಐದು ವರ್ಷಕ್ಕೊಮ್ಮೆ ಊರೊಳಗೆ ಬರುವ ದೇವರಿರಬೇಕು ಎಂದು ತೀರ್ಮಾನಿಸಿದೆ. ಆಮೇಲೆ ಯಾರೋ ತಿದ್ದಿದರು, ಅದು ಕಾಲೇಜುಗಳನ್ನು ನೋಡಿ ದರ್ಜೆ ಕೊಡುವ ತಂಡವಂತೆ.

ಈಗಿನ ಕಾಲೇಜಿನ ಸುದ್ದಿಯನ್ನೂ ಹೇಳಬೇಕಲ್ಲ. ಕಪ್ಪತಗುಡ್ಡದ ಬುಡದಲ್ಲಿ ನಿಮ್ಮ ಕಟ್ಟಡ ಇನ್ನೂ ನಿಂತಿದೆ, ಮಹಡಿ ಮಾತ್ರ ಇಲ್ಲ. ನಸುಕಿನ ನಾಲ್ಕರಿಂದ ಎಂಟರವರೆಗೆ ಪಾಠ. ಎಂಟಕ್ಕೆ ಗಂಟೆ ಹೊಡೆದರೆ ಎಲ್ಲರೂ ನೆಲಮನೆಗೆ ಇಳಿಯುತ್ತೇವೆ. ಮಣ್ಣಿನೊಳಗೆ ಕಟ್ಟಿದ ತಂಪಿನ ಕೋಣೆಗೆ ನಾವು ಹಾಗೆನ್ನುತ್ತೇವೆ. ಗುಡ್ಡದ ಮೇಲೆ ಐದು ಇಬ್ಬನಿ ಬಲೆಗಳಿವೆ. ಗಾಳಿಯಲ್ಲಿರುವ ತೇವವನ್ನು ಹಿಡಿದು ಹನಿಹನಿಯಾಗಿ ತೊಟ್ಟಿಗೆ ಬಿಡುವ ಉದ್ದನೆಯ ಪರದೆಗಳು ಅವು. ಅವನ್ನು ಹೊಲಿಯುವುದು, ತೊಳೆಯುವುದು ವಿದ್ಯಾರ್ಥಿಗಳ ಕೆಲಸ. ಕುಡಿಯುವ ನೀರನ್ನು ತಾವೇ ಹಿಡಿದವರು ಕ್ಲಾಸಿನಲ್ಲಿ ತೂಕಡಿಸುವುದು ಕಡಿಮೆ ಎಂದು ಹೇಳುತ್ತಾರೆ. ನನ್ನ ಅನುಭವ ಹಾಗೆ ಹೇಳುವುದಿಲ್ಲ. ಬಿಡುವಿನಲ್ಲಿ ವಿದ್ಯಾರ್ಥಿಗಳೆಲ್ಲ ಊರಿಗೆ ಹೋಗಿರುತ್ತಾರೆ. ಆವರಣದಲ್ಲಿ ನಾನು ಮತ್ತು ಅಡುಗೆಯ ಫಕೀರವ್ವ ಇಬ್ಬರೇ. ಫಕೀರವ್ವ ಬೆಳಿಗ್ಗೆ ಒಂದು ತಾಸು ಮಾತಾಡುತ್ತಾಳೆ, ಆಮೇಲೆ ಸಂಜೆಯವರೆಗೆ ಮಲಗುತ್ತಾಳೆ. ಆ ಹತ್ತು ತಾಸು ನನಗೆ ಮಾತಾಡಲು ನಿಮ್ಮ ಹಾಳೆಗಳಿವೆ. ಇದನ್ನು ಸಂಕೋಚದಿಂದಲೇ ಬರೆಯುತ್ತಿದ್ದೇನೆ. ಸತ್ತವರೊಂದಿಗೆ ಮಾತಾಡುವವಳು ಎಂದು ನೀವು ತಿಳಿಯಬಾರದು. ತಿಳಿದರೂ ತಪ್ಪೇನಿಲ್ಲ.

ಸುದ್ದಿಹಾಳೆಯ ವಿಷಯಕ್ಕೆ ಬರುತ್ತೇನೆ, ಎಲ್ಲವೂ ಅದರಲ್ಲಿ ಸಿಕ್ಕಿಕೊಂಡಿದೆ. ನಮ್ಮ ಕಾಲದ ವಿದ್ಯಾರ್ಥಿ ಒಂದೇ ಕಾಲೇಜಿಗೆ ಕಟ್ಟುಬಿದ್ದವನಲ್ಲ. ಏಪ್ರಿಲ್ ಕೊನೆಗೆ ಸುತ್ತಿನ ಎಲ್ಲ ಕಾಲೇಜುಗಳು ತಮ್ಮ ಸುದ್ದಿಹಾಳೆಯನ್ನು ಗದಗಿನ ನಿಲ್ದಾಣದ ಗೋಡೆಗೆ ಹಚ್ಚುತ್ತವೆ. ಹುಡುಗರು ಓದುತ್ತಾರೆ, ಯಾವ ಕಾಲೇಜಿನಲ್ಲಿ ಏನು ನಡೆಯಲಿದೆ ನೋಡುತ್ತಾರೆ, ಬೇಕಾದ ಹಾಳೆಯ ಕೆಳಗೆ ಹೆಸರು ಬರೆಯುತ್ತಾರೆ. ಹನ್ನೆರಡು ಹೆಸರಾದರೆ ಆ ವರ್ಷ ಕಾಲೇಜು ಉಂಟು. ಹನ್ನೊಂದಾದರೆ ಕಟ್ಟಡ ಕಾಳುಮನೆಯಾಗುತ್ತದೆ, ಅಂದರೆ ಸುತ್ತಿನ ಹಳ್ಳಿಗಳ ಬೀಜ ಕಾಪಿಡುವ ಕೋಠಿ. ಹಿಂದೆ ಕೆಲವು ಕಾಲೇಜುಗಳು ಹುಡುಗರನ್ನು ಸೆಳೆಯಲು ಇಲ್ಲದ್ದನ್ನೆಲ್ಲ ಸಾರಿದ್ದವಂತೆ. ಆಗಿನಿಂದ ಒಂದೇ ನಿಯಮ: ಸಾರಿದ್ದು ನಡೆಯಲೇಬೇಕು. ಯಾರೂ ಬರದಿದ್ದರೂ ನಡೆಸಬೇಕು. ಸಾರಿದ್ದು ನಡೆಯದಿದ್ದರೆ ಹಾಳೆಯನ್ನು ಗೋಡೆಯಿಂದ ಕಿತ್ತು, ಹೆಸರುಗಳನ್ನು ಹೊಡೆದುಹಾಕುತ್ತಾರೆ. ರದ್ದು ಎಂಬ ಮಾತು ನಮ್ಮ ಹಾಳೆಗಳಲ್ಲಿ ಇಲ್ಲ. ಹೋದ ವರ್ಷ ಖಾಲಿ ಸಭಾಂಗಣದಲ್ಲಿ ನಕ್ಷತ್ರಗಳ ಕುರಿತು ನಲವತ್ತು ನಿಮಿಷ ಮಾತಾಡಿದೆ. ಕೊನೆಯಲ್ಲಿ ಪ್ರಶ್ನೆಗಳಿದ್ದರೆ ಕೇಳಬಹುದು ಎಂದೂ ಅಂದೆ.

ಈ ವರ್ಷ ಹಾಳೆ ಬರೆಯಲು ಕೂತಾಗ ಸಾರಲು ಏನೂ ಇರಲಿಲ್ಲ. ಮೂರನೆಯ ಬಲೆ ಹರಿದಿದೆ. ಬೇವು ಹೂ ಬಿಟ್ಟಿದೆ. ಇಂಥ ಸುದ್ದಿಗೆ ಯಾರು ಬರುತ್ತಾರೆ? ಬರೆಯುವ ಕ್ರಮ ತಪ್ಪಬಾರದೆಂದು ನಿಮ್ಮ ಹಳೆಯ ಹಾಳೆಯೊಂದನ್ನು ಪಕ್ಕಕ್ಕಿಟ್ಟುಕೊಳ್ಳುವುದು ನನ್ನ ರೂಢಿ. ೨೦೨೬ರ ಆಗಸ್ಟ್ ಹತ್ತರ ಹಾಳೆ ಅದು. ಅದರಿಂದ ಕಬಡ್ಡಿ ಅಂತಿಮ ಪಂದ್ಯವನ್ನು ಇದ್ದಂತೆಯೇ ಇಳಿಸಿಬಿಟ್ಟೆ. ಅದು ನಿಜಕ್ಕೂ ಕೈತಪ್ಪು. ಅದರ ಕೆಳಗಿದ್ದದ್ದು ಇದು: ‘ಉಪನ್ಯಾಸ. ನದಾಫರ ಬಿಲ್ಲು: ನಮ್ಮ ಸೀಮೆಯ ಹತ್ತಿ ಹಿಂಜುವವರ ಬದುಕು. ಶ್ರೀಮತಿ ವನಮಾಲಾ ಬೆಳವಣಕಿ. ಎಲ್ಲರಿಗೂ ಸ್ವಾಗತ.’ ಇದನ್ನು ಇಳಿಸಿದ್ದು ಕೈತಪ್ಪಲ್ಲ. ನಿಮ್ಮ ಮುಂದಿನ ವಾರದ ಹಾಳೆ ನನಗೆ ಬಾಯಿಪಾಠ. ‘ಹದಿನಾಲ್ಕರಂದು ಏರ್ಪಡಿಸಿದ್ದ ಉಪನ್ಯಾಸವು ಸಭಿಕರ ಕೊರತೆಯಿಂದ ರದ್ದಾಗಿದೆ. ಅನಾನುಕೂಲಕ್ಕೆ ವಿಷಾದಿಸುತ್ತೇವೆ.’ ಅನಾನುಕೂಲವಾದದ್ದು ಯಾರಿಗೆ, ಮೇಡಂ? ಬಾರದವರಿಗಂತೂ ಅಲ್ಲ. ಎಷ್ಟು ವರ್ಷ ಊರೂರು ತಿರುಗಿ, ಎಷ್ಟು ಮುದುಕರ ಎದುರು ಕೂತು ಅದನ್ನು ಬರೆದುಕೊಂಡಿರೋ ತಿಳಿಯದು. ರದ್ದಾಯಿತೆಂಬ ಸುದ್ದಿಯನ್ನು ಬರೆದು ಹಚ್ಚುವ ಕೆಲಸವೂ ನಿಮ್ಮದೇ ಆಗಿತ್ತು. ಒಮ್ಮೆಯಾದರೂ ಅದು ನಡೆಯಲಿ ಎಂದು ನನಗೆ ಅನ್ನಿಸಿತು. ನಿಮಗಾಗಿ ಅನ್ನಿಸಿತೋ ನನಗಾಗಿಯೋ ಎಂಬುದನ್ನು ಖಚಿತವಾಗಿ ಹೇಳಲಾರೆ.

ಹಾಳೆ ಗೋಡೆಗೇರಿದ ಮೇಲೆ ಫಕೀರವ್ವ ಅದನ್ನು ಓದಿಸಿಕೊಂಡು ಬಂದಳು.

“ಅಕ್ಕಾರ, ಕಬಡ್ಡಿ ಅಂದ್ರ ಏಳೇಳು ಹದಿನಾಕ ಮಂದಿ ಬೇಕಲ್ರಿ. ಹನ್ನೆಲ್ಡ ಹುಡುಗ್ರು ಬಂದ್ರೂ ಇನ್ನಿಬ್ರ ಕಡಿಮಿ. ನಾವಿಬ್ರೂ ಕಚ್ಚಿ ಕಟ್ಟೂಣೇನು?”

“ಕಟ್ಟೋಣ ಬಿಡು.”

“ನಾ ಹಿಡದ್ರ ನೀವ್ ಬಿಡಿಸ್ಕೊಳ್ಳಾಂಗಿಲ್ಲ, ಮೊದ್ಲ ಹೇಳೇನಿ. ಮತ್ತ ಆ ಬೆಳವಣಕಿ ಬಾಯಾರು ಎಲ್ಲಿಂದ ಬರ್ತಾರ್ರಿ? ಅವ್ರಿಗೆ ರೊಟ್ಟಿ ನಡೀತೈತೋ, ಮೆತ್ತಂದು ಏನರ ಮಾಡ್ಲೋ?”

ರೊಟ್ಟಿಯೇ ಆದೀತು ಎಂದೆ. ಅವಳಿಗೂ ಸುಳ್ಳು ಹೇಳಿದಂತಾಯಿತು.

ಹನ್ನೊಂದು ಹೆಸರುಗಳು ಬಂದವು, ಎಲ್ಲ ಹಳಬರವೇ. ಹನ್ನೆರಡನೆಯದು ಬಿಡುವು ಎರಡರಂದು ತಾನೇ ನಡೆದು ಬಂತು. ಮುಂಡರಗಿ ಕಡೆಯ ಹುಡುಗಿ, ಹತ್ತೊಂಬತ್ತಿರಬಹುದು, ರುಕಿಯಾ. ಬಿಡುವಿನಲ್ಲಿ ಯಾರೂ ನಡೆಯದ ದಾರಿಯನ್ನು ನಸುಕಿಗೆ ಮೊದಲೇ ನಡೆದಿದ್ದಳು. ಬೂದಿ ಬಣ್ಣದ ಬಿಸಿಲಂಗಿ ತೊಟ್ಟಿದ್ದಳು, ತುಟಿ ಒಡೆದಿತ್ತು. ನೀರು ಕುಡಿಯುವ ಮೊದಲೇ ಕೇಳಿದಳು.

“ಮೇಡಂ, ನಿಮ್ ಹಾಳ್ಯಾಗ ನದಾಫ್ ಅಂತ ಐತಲ್ರಿ, ಅದು ನಮ್ಮನಿ ಹೆಸರು. ನಮ್ಮನ್ನ ಬರದಾರೇನ್ರಿ?”

“ನಿಮ್ಮ ಹಿರಿಯರನ್ನು ಬರೆದಿದ್ದಾರೆ.”

“ಹೌದೇನ್ರಿ! ನಮ್ಮಜ್ಜಿನ್ನ ಕೇಳಿದ್ರ ಬಿಲ್ಲ ಇತ್ತು ಅಂತಾಳ. ಯಾತರ ಬಿಲ್ಲ ಅಂದ್ರ ಗೊತ್ತಿಲ್ಲ ಅಂತಾಳ. ಬ್ಯಾಟಿ ಆಡೋರಿದ್ವಿ ಅಂತ ನಮ್ ಚಾಚಾ ಮೀಸಿ ತಿರವ್ತಾನ.”

ಫಕೀರವ್ವ ನೀರಿನ ಚೆಂಬು ಹಿಡಿದು ನಿಂತಿದ್ದಳು. “ಮೊದ್ಲ ಕುಡಿಯವಾ. ಬಿಲ್ಲ ಎಲ್ಲೂ ಓಡಿ ಹೋಗಂಗಿಲ್ಲ.”

ಅದು ಬೇಟೆಯ ಬಿಲ್ಲಲ್ಲ, ಹತ್ತಿ ಹಿಂಜುವ ಬಿಲ್ಲು ಎಂದು ನಾನು ಹೇಳಿದೆ. ಅದು ಹೇಗಿರುತ್ತದೆ, ಅದರ ದನಿ ಹೇಗೆ, ಯಾವ ಊರಿನಿಂದ ಯಾವ ಊರಿಗೆ ಅದನ್ನು ಹೆಗಲ ಮೇಲೆ ಹೊತ್ತು ಹೋಗುತ್ತಿದ್ದರು ಎಂದೆಲ್ಲ ಕೇಳಿದಳು. ನನಗೆ ನಿಮ್ಮ ಒಂದೂವರೆ ಸಾಲಿಗಿಂತ ಹೆಚ್ಚು ಗೊತ್ತಿರಲಿಲ್ಲ. ನಮ್ಮಲ್ಲಿ ಈಗ ಹತ್ತಿ ಬೆಳೆಯುವುದಿಲ್ಲ. ನೀವು ಕಂಡವರ ಮಾತು ಬೇರೆಲ್ಲೂ ದಾಖಲಾಗಿಲ್ಲ. ಗದಗಿನ ದಫ್ತರಗಳಲ್ಲಿ ಹಿಂದೆಯೇ ಹುಡುಕಿಸಿದ್ದೆ. “ಮೇ ನಾಲ್ಕಕ್ಕ ಎಲ್ಲಾ ಕೇಳ್ತೀನಿ ಬಿಡ್ರಿ” ಎಂದು ಅವಳೇ ನನ್ನನ್ನು ಸಮಾಧಾನ ಮಾಡಿ, ನಮ್ಮ ದಾಖಲೆ ಪುಸ್ತಕದಲ್ಲಿ ಹೆಸರು ಬರೆದು, ಸಂಜೆ ಬಿಸಿಲು ಇಳಿದ ಮೇಲೆ ಹೊರಟುಹೋದಳು. ಬೇರೆ ಯಾವ ಕಾಲೇಜನ್ನೂ ಅವಳು ನೋಡಿಲ್ಲ. ಈ ಉಪನ್ಯಾಸವೊಂದಕ್ಕಾಗಿ ಬರುತ್ತಿದ್ದಾಳೆ.

ಆಮೇಲೆ ಫಕೀರವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಲೇ ದಾರಿ ಹೇಳಿದಳು. “ನೀವ ನಾಕ ಹಾಳಿ ಬರದು ಅವ್ರ ಹೆಸರ್ಲೆ ಓದ್ರಿ. ಸತ್ತಾರು ಬಂದು ಇಲ್ಲ ಅಂತಾರೇನು?” ಬೇರೆಯವರು ಬರೆದದ್ದನ್ನು ಓದಿ ಒಪ್ಪಿಸಿದರೂ ನಡೆದಂತೆಯೇ ಲೆಕ್ಕ, ನಿಯಮ ಅಷ್ಟಕ್ಕೆ ಬಿಡುತ್ತದೆ. ನಾಲ್ಕಲ್ಲ, ಆರು ಪುಟ ಬರೆದೆ. ಚೆನ್ನಾಗಿಯೇ ಇತ್ತು. ಬಿಲ್ಲಿನ ಹೆದೆ ಮಿಡಿದಾಗ ಹೊರಡುವ ದನಿಯನ್ನು ವರ್ಣಿಸಿದ್ದೆ, ಒಬ್ಬ ಮುದುಕನನ್ನು ಹುಟ್ಟಿಸಿ ಅವನ ಬಾಯಿಂದ ಮಾತಾಡಿಸಿದ್ದೆ. ರುಕಿಯಾ ಆ ಮುದುಕನನ್ನು ತನ್ನ ಮುತ್ತಜ್ಜನೆಂದು ನಂಬಿ ಮುಂಡರಗಿಗೆ ಹೋಗಿ ಅಜ್ಜಿಗೆ ಹೇಳುವುದನ್ನು ನೆನೆದಾಗ ಆರು ಪುಟಗಳನ್ನೂ ಹರಿದೆ. ಕಾಲೇಜು ಉಳಿಯುವುದು ನನಗೆ ಬೇಕು. ಮುಚ್ಚಿದರೆ ನನಗೆ ಹೋಗಲು ಬೇರೆ ಜಾಗವಿಲ್ಲ. ಆದರೆ ಅವಳು ಕೇಳಲು ಬರುತ್ತಿರುವುದು ತನ್ನವರ ಸುದ್ದಿಯನ್ನು, ನನ್ನ ಕಲ್ಪನೆಯನ್ನಲ್ಲ.

ಹಾಗಾಗಿ ಈ ಪತ್ರ. ಇದು ನಿಮ್ಮ ಕೈಗೆ ಬರುವುದು ಹಿಂದಂಚೆಯಲ್ಲಿ. ಹಿಂದಕ್ಕೆ ಮಾತ್ರ ಹೋಗುವ ಅಂಚೆ ಅದು. ಕಾಗದವನ್ನಷ್ಟೇ ಒಯ್ಯುತ್ತದೆ, ಐದು ವರ್ಷಕ್ಕೆ ಕಾಲೇಜಿಗೊಂದು ಪತ್ರ. ಸಾಮಾನ್ಯವಾಗಿ ಕಳೆದುಹೋದ ಅಂಕಪಟ್ಟಿ, ನಕ್ಷೆ ಇಂಥವಕ್ಕೆ ಬಳಸುತ್ತಾರೆ. ಇದನ್ನು ನಿಮ್ಮ ಆಗಸ್ಟ್ ಹತ್ತೊಂಬತ್ತಕ್ಕೆ, ನಿಮ್ಮ ಸೂಚನಾ ಫಲಕದ ಹಿಂಬದಿಗೆ ಕಳಿಸುತ್ತಿದ್ದೇನೆ. ಉಪನ್ಯಾಸ ರದ್ದಾಗಿ ಐದೇ ದಿನ. ಟಿಪ್ಪಣಿಗಳು ಇನ್ನೂ ನಿಮ್ಮ ಚೀಲದಲ್ಲೇ ಇರಬಹುದು. ನಿಮ್ಮ ಉತ್ತರಕ್ಕೆ ಅಂಚೆ ಬೇಕಿಲ್ಲ, ಇಟ್ಟದ್ದನ್ನು ಕಾಲ ತಾನೇ ಹೊತ್ತು ತರುತ್ತದೆ. ‘ಗ್ರಂಥಾಲಯದ ಉತ್ತರ ಗೋಡೆಯ ಗೂಡನ್ನು ಇಪ್ಪತ್ತನಾಲ್ಕರಂದು ಮುಚ್ಚಲಾಗುವುದು, ಅಲ್ಲಿರುವ ವಸ್ತುಗಳನ್ನು ತೆಗೆದುಕೊಳ್ಳತಕ್ಕದ್ದು’ ಎಂದು ನೀವೇ ಬರೆದಿದ್ದೀರಿ. ಮೇಡಂ, ತೆಗೆದುಕೊಳ್ಳಬೇಡಿ, ಇಡಿ. ನಿಮ್ಮ ಟಿಪ್ಪಣಿಗಳನ್ನು ಮೇಣದ ಬಟ್ಟೆಯಲ್ಲೋ ಡಬ್ಬಿಯಲ್ಲೋ ಹಾಕಿ ಆ ಗೂಡಿನಲ್ಲಿಡಿ, ಗಾರೆಯವರು ಬಂದು ಮುಚ್ಚಲಿ. ಅಕ್ಷರ ಅಂದವಾಗಿರಬೇಕಿಲ್ಲ, ಪೂರ್ತಿಯಾಗಿರಲೂಬೇಕಿಲ್ಲ. ಒಬ್ಬ ಮುದುಕನ ನಿಜವಾದ ಹೆಸರು, ಅವನು ಆಡಿದ ನಿಜವಾದ ಒಂದು ಮಾತು ಇದ್ದರೂ ಆದೀತು.

ಆ ಗೋಡೆ ಹಾಗೆಯೇ ಇದೆ. ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಫಕೀರವ್ವ ನಿನ್ನೆ ಹಾರೆ ತಂದು ಗೋಡೆಗೆ ಒರಗಿಸಿ, “ಒಡದ ನೋಡೂಣ ಬರ್ರಿ ಅಕ್ಕಾರ, ಇದ್ರ ಐತಿ, ಇಲ್ಲಂದ್ರ ಇಲ್ಲ” ಎಂದಳು. ಅವಳ ಮಾತು ಸರಿ. ಆದರೂ ತಡೆದೆ. ಈಗಲೇ ಒಡೆದು, ಅದು ಖಾಲಿಯಿದ್ದರೆ, ನಾನು ಈ ಪತ್ರವನ್ನು ಹಾಕದೆ ಉಳಿಯಬಹುದು. ಹಾಕದೆ ಉಳಿದದ್ದರಿಂದಲೇ ಖಾಲಿಯಾಯಿತೋ ಎಂದು ಉಳಿದ ಆಯುಷ್ಯವೆಲ್ಲ ಕೇಳಿಕೊಳ್ಳಬೇಕಾಗುತ್ತದೆ. ಮೊದಲು ಕೇಳಬೇಕು, ಆಮೇಲೆ ನೋಡಬೇಕು. ಖಾಲಿಯಿದ್ದರೆ ನಿಮ್ಮನ್ನು ದೂರುವುದಿಲ್ಲ. ಮೇ ನಾಲ್ಕರ ನಸುಕಿಗೆ ರುಕಿಯಾಳ ಎದುರು ನಿಂತು, ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ.

ಇದ್ದರೆ, ಮೊದಲ ಸಾಲಿನಲ್ಲಿ ಒಬ್ಬ ಹುಡುಗಿ ಕೂತಿರುತ್ತಾಳೆ. ಅವಳ ಪಕ್ಕದಲ್ಲಿ ಫಕೀರವ್ವ ಕೂರುತ್ತಾಳಂತೆ. ಎರಡನೆಯ ಪುಟಕ್ಕೆ ನಿದ್ದೆ ಹೋಗುತ್ತಾಳೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಸಭಿಕರ ಕೊರತೆ ಇರುವುದಿಲ್ಲ.

ಹಿಂದಂಚೆಯ ಬಂಡಿ ನಮ್ಮ ಕಡೆಗೆ ತಿಂಗಳಿಗೊಮ್ಮೆ ಮಾತ್ರ ಬರುತ್ತದೆ. ಅಲ್ಲಿಯವರೆಗೆ ಈ ಪತ್ರ ನನ್ನ ಮೇಜಿನ ಮೇಲೆಯೇ ಇರುತ್ತದೆ.

ವಂದನೆಗಳೊಂದಿಗೆ,
ಪ್ರಮೋದಿನಿ ಹಂಚಿನಾಳ

ಅಂಚೆಗೆ ಹಾಕುವ ದಿನ: ಬಿಡುವು ೨೬, ೨೧೮೭, ಶುಕ್ರವಾರ