ಮಾತಿಯಕ್ಕನ ಮೂಗು

ಮಾವನಲ್ಲ
ಜೂನ್ ೧೧, ಬುಧವಾರ

ನನ್ನ ಬಾಯಿಬಡುಕಿ ತಂಗಿ ಬೆಳ್ಳಿಗೆ,

ಕಾಗದ ನೋಡಿ ಎದೆ ಹಿಡ್ಕೋಬೇಡ, ಯಾರಿಗೂ ಏನೂ ಆಗಿಲ್ಲ. ಫೋನ್ ಇರುವಾಗ ಅಕ್ಕನಿಗೆ ಕಾಗದದ ಹುಚ್ಚು ಯಾಕೆ ಹಿಡೀತು ಅಂತ ತಾನೇ? ನೀನು ಫೋನ್ ಎತ್ತಿದರೆ ಸ್ಪೀಕರಿಗೆ ಹಾಕಿ ಕಲ್ಲಿನ ಮೇಲಿಟ್ಟು ಕ್ಯಾರೆಟ್ ತೊಳೆಯೋಕೆ ಕೂರ್ತೀಯ. ನಾನಿಲ್ಲಿ ಕೆಮ್ಮಿದರೆ ಅಲ್ಲಿ ತುಮ್ಮನಟ್ಟಿಯ ಅರ್ಧ ಹಟ್ಟಿಗೆ ಕೇಳುತ್ತೆ. ಇಲ್ಲೋ, ಸಿಗ್ನಲ್ ಸಿಗೋದು ಗೇಟಿನ ಹತ್ತಿರ ಮಾತ್ರ. ಅಲ್ಲೇ ನಿನ್ನ ಭಾವ ಜೀಪ್ ತೊಳೀತಾ ಕಿವಿ ಇಟ್ಟುಕೊಂಡು ಇರ್ತಾರೆ. ಇದು ನಿನ್ನ ಕಣ್ಣಿಗೆ ಮಾತ್ರ. ಓದಿ ಒಲೆಗೆ ಹಾಕು.

ಮೊದಲು ಸಂತೋಷದ ಮಾತು. ನಿವೇತಾ ಮುಂದಿನ ವಾರ ಬರ್ತಾಳೆ, ಮಗೂನ ನನ್ನ ಹತ್ತಿರ ಬಿಟ್ಟು ಹೋಗೋಕೆ! ಮೆಟ್ಟುಪಾಳ್ಯಂನ ಲ್ಯಾಬಿನವರು ಇನ್ನು ರಜೆ ಇಲ್ಲ ಅಂದುಬಿಟ್ಟರಂತೆ. ಅಳಿಯ ಸರವಣನಿಗೆ ಬಸ್ಸಿನ ಡ್ಯೂಟಿ, ಬೆಳಿಗ್ಗೆ ಹೋದರೆ ಯಾವಾಗ ಬರ್ತಾನೋ ಅವನಿಗೇ ಗೊತ್ತಿರಲ್ಲ. ಅವನ ತಾಯಿಯಂತೂ ಇಲ್ಲ. ಎರಡು ವರ್ಷ ತುಂಬೋವರೆಗೆ ನೀನೇ ನೋಡ್ಕೋ ಅಂತ ಮಗಳು ತಾನಾಗಿಯೇ ಕೇಳಿದಳು. ತೇನ್ಮೊಳಿ ಈಗ ಗೋಡೆ ಹಿಡಿದು ನಡೀತಾಳಂತೆ. ನನ್ನ ಫೋಟೋ ತೋರಿಸಿದರೆ ಅಜ್ಜಿ ಅನ್ನೋಕೆ ನಮ್ಮ ಹಾಗೇ ‘ಹೆತ್ತೆ’ ಅಂತಾಳಂತೆ. ಅಜ್ಜಿಯ ಮನಸ್ಸಿಗೆ ಹಿತವಾಗಲಿ ಅಂತ ಹೇಳಿದ ಸುಳ್ಳೇ ಇರಬಹುದು, ನನಗೆ ಅಷ್ಟೇ ಸಾಕು. ತೊಟ್ಟಿಲಿಗೆ ಹೊಸ ಹಗ್ಗ ಹಾಕಿಸಿದ್ದೀನಿ. ನಿವೇತಾ ಹುಟ್ಟಿದಾಗಿನ ಕಂಬಳಿ ಒಗೆದು ಬಿಸಿಲಿಗೆ ಹಾಕಿದ್ದೀನಿ. ಮಗೂಗೆ ಅಂತ ತಲೆ ಎಣ್ಣೆಯನ್ನೂ ಕಾಯಿಸಿ ಇಟ್ಟಿದ್ದೀನಿ.

ಎಣ್ಣೆ ಅಂದ ಕೂಡಲೇ ನಗ್ತೀಯ, ಗೊತ್ತು. ನನ್ನ ಹುಚ್ಚು ನಿನಗೆ ಹೊಸದೇ? ಸಣ್ಣವಳಿದ್ದಾಗ ಹೊಸ ನೋಟ್‌ಬುಕ್ ಕೈಗೆ ಬಂದರೆ ಬರೆಯೋಕೆ ಮುಂಚೆ ಮೂಸ್ತಿದ್ದೆ. ಬೆಂಕಿಕಡ್ಡಿ, ಸೀಮೆಎಣ್ಣೆ, ನೆನೆದ ಕಂಬಳಿ, ಅಪ್ಪನ ವಿಭೂತಿ ಡಬ್ಬ, ಯಾವುದನ್ನು ಬಿಟ್ಟಿದ್ದೆ ಹೇಳು. ನೆಂಟರು ಬಂದರೆ ಅವರನ್ನೂ ಮೂಸಿ ನೋಡ್ತೀನಿ ಅಂತ ಅಮ್ಮ ನನ್ನ ಬೆನ್ನಿಗೆ ಗುದ್ದಿದ್ದು ನೆನಪಿದೆಯಾ? ಮದುವೆಯಾಗಿ ಬಂದ ಮೇಲೆ ಅಡುಗೆಮನೆ ಕಿಟಕಿಯ ಉದ್ದಕ್ಕೂ ನನ್ನ ಬಾಟಲಿಗಳ ಸಾಲು ಬೆಳೀತು. ದವನ ಹಾಕಿದ ಎಣ್ಣೆ, ಲಾವಂಚ ಹಾಕಿದ ಎಣ್ಣೆ, ಎರಡು ಬಗೆಯಲ್ಲಿ ಹುರಿದ ಕಾಫಿಪುಡಿ, ಒಣಗಿಸಿದ ಕಿತ್ತಳೆ ಸಿಪ್ಪೆ. ನಿನ್ನ ಭಾವ ಅದಕ್ಕೆ ಪೆಟ್ಟಿ ಅಂಗಡಿ ಅಂತ ಹೆಸರಿಟ್ಟರು. ಒಂದು ಸಲ ನೀಲಗಿರಿ ಎಲೆ ಅರೆದು ಸೋಪು ಮಾಡಿದ್ದೆ. ಕಂಕುಳಿಗೆ ಹಚ್ಚಿಕೊಂಡವರು ಅಯ್ಯಯ್ಯೋ ಅಂತ ಹಿತ್ತಿಲ ನಲ್ಲಿಗೆ ಓಡಿದ್ದು ಈ ಮನೆಸಾಲಿನವರೆಲ್ಲ ನೋಡಿದ್ದಾರೆ. ಬೇರೆಯವರಿಗೆ ಸೀರೆ, ಸೀರಿಯಲ್ಲು. ನನಗೆ ಇದು. ಕೆಲಸ ಮುಗಿಸಿ ಮಧ್ಯಾಹ್ನ ಒಂದೊಂದೇ ಮುಚ್ಚಳ ತೆಗೆದು ಮೂಸ್ತಾ ಕೂತರೆ ನನಗೆ ಯಾರ ಹಂಗೂ ಇರಲಿಲ್ಲ.

ಹುಚ್ಚು ಅಂತ ನಗ್ತಿದ್ದವರೇ ಆಮೇಲೆ ನನ್ನ ಮೂಗನ್ನೇ ನಂಬಿಕೊಂಡರು. ಇಲ್ಲಿ ಸಂಜೆ ಹಿತ್ತಿಲ ಬಾಗಿಲು ತೆಗೆಯೋಕೆ ಮುಂಚೆ ಗಾಳಿ ಮೂಸಿ ನೋಡಬೇಕು ಕಣೆ. ಆನೆ ಕಣ್ಣಿಗೆ ಬೀಳಲ್ಲ. ಅಷ್ಟು ದೊಡ್ಡ ಪ್ರಾಣಿ, ಲಂಟಾನ ಪೊದೆ ಪಕ್ಕ ನಿಂತರೆ ಬಂಡೆಯೋ ಕತ್ತಲೆಯೋ ಅನ್ನಿಸುತ್ತೆ, ಸದ್ದೂ ಮಾಡಲ್ಲ. ವಾಸನೆ ಮಾತ್ರ ಮುಚ್ಚಿಡೋಕೆ ಅದಕ್ಕೆ ಬರಲ್ಲ. ಹುಳಿ ಬಂದ ಹುಲ್ಲು, ಒದ್ದೆ ಗೋಣಿಚೀಲ, ಅದರ ಜೊತೆ ಒಂಚೂರು ಬೆಲ್ಲ. ಎಲ್ಲರಿಗೂ ಅದು ಹತ್ತಿರ ಬಂದಾಗ ಗೊತ್ತಾಗುತ್ತೆ, ನನಗೆ ರಸ್ತೆಯ ಆಚೆ ಇರುವಾಗಲೇ ಗೊತ್ತಾಗ್ತಿತ್ತು. ಹಲಸಿನ ಕಾಲದಲ್ಲಂತೂ ಸಂಜೆಯಾದರೆ ಪ್ರತಿ ಹಿತ್ತಿಲಿಂದ ಕೂಗು, ಮಾತಿಯಕ್ಕಾ, ಬಂದಿದೆಯಾ ಅಂತ. ನಾನು ಮೆಟ್ಟಿಲ ಮೇಲೆ ಮಹಾರಾಣಿ ಹಾಗೆ ನಿಂತು, ಉಸಿರೆಳೆದು, ಇದೆ ಅಂದರೆ ಒಳಗೆ, ಇಲ್ಲ ಅಂದರೆ ಹೊರಗೆ. ಹೊರಗೆ ಕಟ್ಟಿದ ಮೇಕೆ, ಒಣಗಿದ ಬಟ್ಟೆ, ಕಕ್ಕಸು, ಎಲ್ಲಕ್ಕೂ ನನ್ನ ಅಪ್ಪಣೆ ಬೇಕು. ಜಂಬ ಇತ್ತು ನನಗೆ, ಇಲ್ಲ ಅನ್ನಲ್ಲ.

ಬೆಳ್ಳಿ, ಆ ಮೂಗು ಸತ್ತಿದೆ.

ದೀಪಾವಳಿ ಆದ ಮೇಲೆ ಜ್ವರ ಬಂದಿತ್ತಲ್ಲ, ಅದು ಹೋಗುವಾಗ ಇದನ್ನೂ ಕಟ್ಟಿಕೊಂಡು ಹೋಯಿತು. ನೆಗಡಿ ಇರಬೇಕು ಅಂದುಕೊಂಡೆ. ನೆಗಡಿ ಹೋಯಿತು, ವಾಸನೆ ಬರಲಿಲ್ಲ. ಕಾಫಿ ಬಿಸಿನೀರಾಯಿತು. ಕರ್ಪೂರ ಹಚ್ಚಿದೆ, ಏನೂ ಇಲ್ಲ. ಇಂಗಿನ ಡಬ್ಬದೊಳಗೆ ಮುಖ ಇಟ್ಟೆ, ಏನೂ ಇಲ್ಲ. ಡಬ್ಬ ಹಿಡಿದುಕೊಂಡೇ ನೆಲದ ಮೇಲೆ ಕೂತು ಅತ್ತೆ. ರವಿಕೆ ಬಟ್ಟೆ ತರ್ತೀನಿ ಅಂತ ಸುಳ್ಳು ಹೇಳಿ ಗೂಡಲೂರಿಗೆ ಹೋಗಿ ಡಾಕ್ಟರಿಗೂ ತೋರಿಸಿದೆ. ಬಂದರೂ ಬರಬಹುದು, ಬಾರದೆಯೂ ಇರಬಹುದು ಅಂದರು. ದಿನಾ ಬೆಳಿಗ್ಗೆ ಲವಂಗ, ನಿಂಬೆ, ನೀಲಗಿರಿ ಎಣ್ಣೆ ಮೂಸ್ತಾ ಇರಿ, ನೆನಪು ಮಾಡಿಕೊಳ್ತಾ ಮೂಸಿ ಅಂದರು. ಮೂಸ್ತಾ ಇದ್ದೀನಿ. ನಿನ್ನ ಭಾವ ನೋಡಿ, ಪೆಟ್ಟಿ ಅಂಗಡಿ ಬೆಳಿಗ್ಗೆಯೇ ತೆಗೀತಲ್ಲ ಅಂತ ನಗ್ತಾರೆ. ನಾನೂ ನಗ್ತೀನಿ.

ಯಾರಿಗೂ ಹೇಳಿಲ್ಲ. ಹೇಗೆ ಹೇಳಲಿ? ಅಡುಗೆಯನ್ನು ಕೈ ಅಳತೆಯಲ್ಲೇ ಮುಗಿಸ್ತೀನಿ. ಒಗ್ಗರಣೆಯ ಸದ್ದು ಕೇಳ್ತೀನಿ, ಎಣ್ಣೆಯ ಬಣ್ಣ ನೋಡ್ತೀನಿ. ಒಂದು ದಿನ ಹಾಲು ಕಾಯೋಕಿಟ್ಟು ಪಕ್ಕದ ಕೋಣೆಯಲ್ಲೇ ಬಟ್ಟೆ ಮಡಿಸ್ತಾ ಇದ್ದೆ, ಪಾತ್ರೆ ಕರಕಲಾಗಿ ಮನೆಯೆಲ್ಲ ಹೊಗೆ. ನಿನ್ನ ಭಾವ ಗೇಟಿನಿಂದ ಓಡಿ ಬಂದರು. ಕೋವಾ ಮಾಡ್ತಿದ್ದೆ ಅಂದೆ! ಅವರು ನಂಬಿದರು, ಪಾಪ. ಸಂಜೆ ಸಾಲಿನವರು ಕೂಗಿದರೆ ಮೊದಲು ನಮ್ಮ ನಾಯಿಯ ಕಿವಿ ನೋಡ್ತೀನಿ. ಅನುಮಾನವಿದ್ದರೆ ಇದೆ, ಹೋಗಬೇಡಿ ಅಂತೀನಿ. ಅನುಮಾನ ದಿನಾ ಇರುತ್ತೆ. ಹಾಗಾಗಿ ಈಗ ನಮ್ಮ ಸಾಲಿನಲ್ಲಿ ದಿನಾ ಆನೆ.

ಪೊಂಗಲ್‌ಗೆ ಮಗು ಬಂದಿತ್ತಲ್ಲ, ಸ್ನಾನ ಮಾಡಿಸಿ ಸಾಂಬ್ರಾಣಿ ಹೊಗೆ ಹಾಕಿ ಮಡಿಲಲ್ಲಿ ಮಲಗಿಸಿಕೊಂಡು ನೆತ್ತಿಗೆ ಮೂಗಿಟ್ಟೆ. ಫೋಟೋ ಮೂಸಿದ ಹಾಗಿತ್ತು. ಅವಳು ಹುಟ್ಟಿದ ವಾರ ಆ ನೆತ್ತಿಯ ವಾಸನೆಗೆ ನಾನು ಹುಚ್ಚಿ ಆಗಿದ್ದೆ. ಈಗ ಅದು ಹೇಗಿತ್ತು ಅಂತ ನೆನಪಿಗೂ ಬರಲ್ಲ. ನನಗೆ ಅದೊಂದೇ ದುಃಖ, ಬೇರೆ ಎಲ್ಲ ಹೋಗಲಿ ಬಿಡು.

ಈಗ ನೀನು ಮಾಡಬೇಕಾದ್ದು ಹೇಳ್ತೀನಿ. ನಿನ್ನ ಮಂಡಿನೋವಿಗೆ ಬಿಸಿಲು ಬೇಕು ಅಂತ ನೆಪ ಹೇಳಿ ಬೆಟ್ಟ ಇಳಿದು ಬಂದು ನನ್ನ ಜೊತೆ ಇರು. ಗ್ಯಾಸು, ಹಾಲು, ಮಗುವಿನ ಬಟ್ಟೆ, ಎಲ್ಲಕ್ಕೂ ನೀನು ಮೂಗು, ನಾನು ಕೈ. ನಿವೇತಾಗೆ ಒಂದಕ್ಷರ ಹೇಳಬೇಡ. ಹೇಳಿದರೆ ಅವಳು ಮಗೂನ ಬಿಡಲ್ಲ. ಒಂದೋ ಕೆಲಸ ಬಿಡ್ತಾಳೆ, ಇಲ್ಲ ಕಂಡೋರ ಕೈಗೆ ಕೊಡ್ತಾಳೆ. ಮಗು ಬೇಕು ನನಗೆ, ಬೆಳ್ಳಿ. ಈ ಮನೆಯಲ್ಲಿ ಏನೂ ರುಚಿಯಿಲ್ಲ, ಏನೂ ವಾಸನೆಯಿಲ್ಲ, ಅವಳಾದರೂ ಬರಲಿ.

ಶುಕ್ರವಾರ, ೧೩

ಬುಧವಾರ ಬರೆದದ್ದನ್ನು ಮಡಿಸಿ ಅಕ್ಕಿ ಡಬ್ಬದ ಕೆಳಗೆ ಇಟ್ಟಿದ್ದೆ. ಪೋಸ್ಟಿಗೆ ಹಾಕೋಕೆ ಮುಂಚೆ ಇದು ನಡೆದುಹೋಯಿತು.

ಪಕ್ಕದ ಮನೆ ಮಲರ್‌ಕೊಡಿ ನಿನಗೆ ಗೊತ್ತು. ಹೋದ ಸಲ ನಿನಗೆ ನುಗ್ಗೆಸೊಪ್ಪು ಕಟ್ಟಿ ಕೊಟ್ಟವಳು. ನಿನ್ನೆ ಸಂಜೆ ಮೇಕೆ ಬಿಚ್ಚಿಕೊಂಡು ಬರೋಕೆ ಅವಳು ಹಿತ್ತಿಲಿಗೆ ಹೋಗಬೇಕಿತ್ತು. ಬೇಲಿ ಮೇಲಿಂದ ಕೂಗಿ ಕೇಳಿದಳು. ಜೊತೆಗೆ ಒಂದು ಮಾತು ಸೇರಿಸಿದಳು, ಏನಕ್ಕಾ, ನಿಮ್ಮ ಆನೆ ನಮ್ಮ ಸಾಲಿನಲ್ಲಿ ಬಾಡಿಗೆಗೆ ಮನೆ ಹಿಡಿದಿದೆಯಾ ಅಂತ. ಆಚೆ ಮನೆಯವರೂ ನಕ್ಕರು. ತಮಾಷೆಗೇ ಅಂದಿದ್ದು, ಆದರೆ ನನಗೆ ಚುರುಕ್ ಅಂತು. ನಾಯಿ ನೋಡಿದೆ, ಹೊಟ್ಟೆ ತುಂಬಾ ತಿಂದು ಬಿದ್ದುಕೊಂಡಿತ್ತು. ನಾನು ಮೆಟ್ಟಿಲ ಮೇಲೆ ನಿಂತೆ. ಹಳೇ ಕಾಲದ ಹಾಗೆ ಕತ್ತು ಎತ್ತಿ, ಎಲ್ಲರಿಗೂ ಕಾಣುವ ಹಾಗೆ ಉದ್ದಕ್ಕೆ ಉಸಿರೆಳೆದೆ. ಏನೂ ಇಲ್ಲ, ಹೋಗು ಅಂದೆ.

ಅವಳು ಹೋದಳು. ನಾನು ಒಳಗೆ ಬಂದು ದೀಪ ಹಾಕಿದೆ. ಕೊಂಬೆ ಮುರಿದ ಸದ್ದು ಕೇಳಿತು, ಹಿಂದೆಯೇ ಅವಳ ಚೀರಾಟ. ಆನೆ ಅವಳ ಹಲಸಿನ ಮರದ ಹಿಂದೆಯೇ ನಿಂತಿತ್ತು ಕಣೆ, ಮೇಕೆ ಕಟ್ಟಿದ್ದ ಗೂಟದ ಪಕ್ಕ. ಅವಳು ಹಿಂತಿರುಗಿ ಓಡೋಕೆ ಹೋಗಿ ಒಗೆಯೋ ಕಲ್ಲಿನ ಮೇಲೆ ಬಿದ್ದಳು. ನಿನ್ನ ಭಾವ ಜೀಪಿನ ಹಾರ್ನ್ ಒತ್ತಿ ಹಿಡಿದು, ಲೈಟ್ ಹಾಕಿ, ಎಲ್ಲರೂ ಕೂಗಿ ಗಲಾಟೆ ಮಾಡಿದ ಮೇಲೆ ಅದು ಹಣ್ಣು ಎತ್ತಿಕೊಂಡು ಪೊದೆಯೊಳಗೆ ಹೋಯಿತು. ಅದಕ್ಕೆ ಹಣ್ಣಿನ ಮೇಲೆ ಮನಸ್ಸಿತ್ತು, ಅವಳ ಮೇಲೆ ಇರಲಿಲ್ಲ. ಅಷ್ಟೇ ಅವಳ ಪುಣ್ಯ. ಮಣಿಕಟ್ಟು ಮುರಿದಿದೆ. ಮಸಿನಗುಡಿಗೆ ಕರ್ಕೊಂಡು ಹೋಗಿ ಕಟ್ಟು ಹಾಕಿಸಿದೆವು.

ನಿನ್ನ ಭಾವ ಕೈಕಾಲು ತೊಳೀತಾ, ಇಡೀ ಹಿತ್ತಿಲು ಗಬ್ಬು ನಾರ್ತಿತ್ತು, ಬೀಡಿ ಸೇದಿ ಸತ್ತ ನನ್ನ ಮೂಗಿಗೇ ಬಡೀತು, ನಿನಗೆ ಗೊತ್ತಾಗಲಿಲ್ಲವಾ ಅಂತ ಕೇಳಿದರು. ಗಾಳಿ ಆ ಕಡೆ ಇತ್ತು ಅಂದೆ. ಥೂ, ಆಗಲೂ ಸುಳ್ಳು ಎಷ್ಟು ಸಲೀಸಾಗಿ ಬಂತು ನೋಡು.

ಇವತ್ತು ಬೆಳಿಗ್ಗೆ ಗಂಜಿ ತಗೊಂಡು ಅವಳನ್ನು ನೋಡೋಕೆ ಹೋದೆ. ಬಾಯಿಗೆ ಬಂದ ಹಾಗೆ ಬೈಯಲಿ, ಗಂಜಿ ನನ್ನ ಮುಖಕ್ಕೆ ಎರಚಲಿ ಅಂತ ಮನಸ್ಸಲ್ಲೇ ಬೇಡಿಕೊಳ್ತಾ ಹೋದೆ. ಅವಳು ಬಂದವರಿಗೆಲ್ಲ ಹೇಳ್ತಾ ಕೂತಿದ್ದಳು, ಮಾತಿಯಕ್ಕನದು ಏನೂ ತಪ್ಪಿಲ್ಲ, ಗಾಳಿ ತಿರುಗಿತ್ತು, ಇಲ್ಲದಿದ್ದರೆ ಅಕ್ಕನ ಮೂಗು ತಪ್ಪುತ್ತಾ ಅಂತ. ನಾನು ಕಲಿಸಿಕೊಟ್ಟ ಹಾಗೆ ಅದೇ ಮಾತು! ಆಮೇಲೆ ಕಟ್ಟು ಹಾಕಿದ ಕೈಯನ್ನೇ ಎತ್ತಿ ತೋರಿಸಿ, ಪಾಪು ಬಂದು ಇಲ್ಲೇ ಇರುತ್ತಲ್ಲ, ಇದು ಬೇಗ ವಾಸಿಯಾಗಲಿ, ನಾನೂ ಎತ್ತಿಕೊಳ್ಳಬೇಕು ಅಂದಳು. ಗಂಜಿಯ ಚೊಂಬನ್ನು ಅಲ್ಲೇ ಇಟ್ಟು ಎದ್ದು ಬಂದೆ. ನಿನ್ನೆ ಅವಳು ಕೈ ಬೀಸಿಕೊಂಡು ಓಡಿದಳು. ತೇನ್ಮೊಳಿಯನ್ನು ಸೊಂಟದಲ್ಲಿಟ್ಟುಕೊಂಡು ಬಟ್ಟೆ ತೆಗೆಯೋಕೆ ಹೋಗೋಳು ನಾನು. ನನ್ನ ಮಂಡಿಗೆ ಓಡೋಕೆ ಆಗುತ್ತಾ?

ನೀನು ಬಂದಿದ್ದರೂ ಏನಾಗ್ತಿತ್ತು ಹೇಳು. ನಿನ್ನ ಮೂಗಿಗೆ ಗೊಬ್ಬರ ಗೊತ್ತು, ಕ್ಯಾರೆಟ್ ಗೊತ್ತು, ಆನೆ ಗೊತ್ತಾ? ನೀನು ಮಲಗಿದ ಹೊತ್ತಲ್ಲಿ ಗ್ಯಾಸ್ ಸೋರಿದರೆ? ಬುಧವಾರ ಬರೆದದ್ದನ್ನು ಈಗ ಓದಿದರೆ ನಾಚಿಕೆಯಾಗುತ್ತೆ. ಅದರಲ್ಲಿ ನನಗೆ ಬೇಕು, ನನಗೆ ಬೇಕು ಅಂತಲೇ ಇದೆ. ನೀನು ಬರೋದು ಬೇಡ, ಬೆಳ್ಳಿ. ಮಂಡಿಗೆ ನಾನು ಹೇಳಿದ ಎಣ್ಣೆಯನ್ನೇ ಹಚ್ಚು, ಬಿಸಿ ಮಾಡಿ ಹಚ್ಚು.

ನಿನ್ನ ಅಕ್ಕ,
ಮಾತಿ

ಮರೆತ ಮಾತು: ನಿವೇತಾ, ಕವರಿನ ಮೇಲೆ ನಿನ್ನ ಹೆಸರಿದೆ, ಒಳಗೆ ಚಿಕ್ಕಮ್ಮನ ಹೆಸರಿದೆ ಅಂತ ಗಲಿಬಿಲಿ ಆಗಬೇಡ. ಬರೆದದ್ದು ಅವಳಿಗೆ, ಕಳಿಸ್ತಾ ಇರೋದು ನಿನಗೆ. ನಿನಗೆ ಅಂತ ಹೊಸದಾಗಿ ಬರೆಯೋಕೆ ಕೂತರೆ ಮತ್ತೆ ಏನಾದರೂ ಮುಚ್ಚಿಡ್ತೀನಿ, ನನ್ನ ಮೇಲೆ ನನಗೇ ನಂಬಿಕೆ ಇಲ್ಲ. ಕಿವಿ ಹಿಂಡಿ ನಿನಗೆ ಕನ್ನಡ ಓದೋಕೆ ಕಲಿಸಿದ್ದು ಹೀಗೆ ಉಪಯೋಗಕ್ಕೆ ಬಂತು. ಮಗೂನ ಇಲ್ಲಿ ಬಿಡಬೇಡ. ಕರ್ಕೊಂಡು ಬಂದು ತೋರಿಸಿ, ಬಿಸಿಲು ಇರುವಾಗಲೇ ಕರ್ಕೊಂಡು ಹೋಗು. ನಾನೇ ಅಲ್ಲಿಗೆ ಬಂದು ಇರಬೇಕು ಅಂದರೆ ಬರ್ತೀನಿ, ಆದರೆ ಒಲೆಯ ಹತ್ತಿರ ನನ್ನನ್ನು ಒಬ್ಬಳೇ ಬಿಡಬೇಡ. ನೀನೂ ಸರವಣನೂ ಯೋಚನೆ ಮಾಡಿ ಏನು ಹೇಳಿದರೂ ನನಗೆ ಸರಿ. ನಿನ್ನ ಅಪ್ಪನಿಗೆ ಈಗ ಹೇಳಿ ಬಂದೆ, ಅವರು ತೊಳೆದ ಜೀಪನ್ನೇ ಮತ್ತೆ ತೊಳೀತಾ ಇದ್ದಾರೆ. ಸಂಜೆ ಸಾಲಿನವರು ಕೂಗಿದಾಗ ಮೆಟ್ಟಿಲ ಮೇಲೆ ನಿಂತೇ ಹೇಳ್ತೀನಿ, ಮಲರ್‌ಕೊಡಿಗೆ ಮೊದಲು.

ಇದರ ಜೊತೆ ಮಗುವಿನ ತಲೆ ಎಣ್ಣೆಯ ಬಾಟಲಿ ಇದೆ. ಬಣ್ಣ ನೋಡಿ, ಸದ್ದು ಕೇಳಿ ಕಾಯಿಸಿದ್ದು. ಹಚ್ಚೋಕೆ ಮುಂಚೆ ನೀನು ಒಂದು ಸಲ ಮೂಸಿ ನೋಡು. ಕಮಟು ಬಂದಿದ್ದರೆ ಚೆಲ್ಲಿಬಿಡು. ಚೆನ್ನಾಗಿದ್ದರೆ ಹಚ್ಚು. ಹಚ್ಚಿದ ಮೇಲೆ ಅವಳ ನೆತ್ತಿ ಮೂಸಿ, ಹೇಗಿತ್ತು ಅಂತ ನನಗೆ ಬರಿ.