ನನ್ನ ಹೆಸರಿನ ಸ್ಪಷ್ಟೀಕರಣ

ಬಸವನ ಬಾಗೇವಾಡಿ
೧೪ ಜುಲೈ ೨೦೦೪

ಸಂಪಾದಕರಿಗೆ ನಮಸ್ಕಾರ.

ಬಸ್ ನಿಲ್ದಾಣದ ಹತ್ತಿರ ವಿಡಿಯೋ ಗೇಮಿನ ಅಂಗಡಿ ನಡೆಸುವವಳು ನಾನು. ‘ಗೇಮಿನಲ್ಲಿ ಕರಿಯರೆಲ್ಲ ಕಳ್ಳರು’ ಎಂದು ನೀವು ಅಚ್ಚು ಹಾಕಿದ್ದು ನಮ್ಮ ಅಂಗಡಿಯ ಬಗ್ಗೆ. ನಿಮ್ಮ ವರದಿಗಾರರು ಒಳಗೆ ಕಾಲಿಡಲಿಲ್ಲ. ಎದುರಿನ ಹೋಟೆಲಿನಲ್ಲಿ ಎರಡು ಸಲ ಚಹಾ ಕುಡಿದು, ಅಲ್ಲಿ ಕೇಳಿದ್ದನ್ನು ಬರೆದು, ನಿಮ್ಮ ಕಚೇರಿಗೆಂದು ಲಕೋಟೆಯನ್ನು ವಿಜಾಪುರದ ಬಸ್ಸಿಗೆ ಕೊಟ್ಟು ಹೋದರು. ನಮ್ಮಲ್ಲಿರುವುದು ಕುಸ್ತಿಯ ಆಟ. ಅದರ ಎಂಟು ಪೈಲ್ವಾನರಲ್ಲಿ ಇಬ್ಬರು ಕರಿಯರು, ಕಳ್ಳರಲ್ಲ. ಎಲ್ಲರಿಗಿಂತ ಗಟ್ಟಿಗ ಅವರಲ್ಲೇ ಒಬ್ಬ.

ಆದರೆ ಅವನನ್ನು ಯಾರೂ ಆರಿಸುವುದಿಲ್ಲ. ನನ್ನ ಮಗಳು ದಾನೇಶ್ವರಿ ಕೂಡ ದಿನವೂ ಬಿಳಿಯನನ್ನೇ ಆರಿಸಿ ಸೋಲುತ್ತಿದ್ದಳು. ಯಾಕೆಂದು ಕೇಳಿದೆ.

“ಅಂವಾ ಕರ್ರಗದಾನ, ಯವ್ವಾ. ಕರ್ರಗಿದ್ದವ್ರು ಯಾರಿಗೂ ಬ್ಯಾಡಂತ, ಅಜ್ಜಿ ನನಗ ದಿನಾ ಹೇಳ್ತಾಳಲ್ಲ” ಎಂದಳು. ಒಂಬತ್ತು ವರ್ಷದವಳು. ನನ್ನ ಬಣ್ಣವೇ ಬಂದಿದೆ. ಅಜ್ಜಿಯೆಂದರೆ ನನ್ನ ಅತ್ತೆ.

ವರದಿ ಬಂದ ದಿನ ಮೈದುನ ಕಲ್ಮೇಶ ಮರ್ಯಾದೆ ಹೋಯಿತೆಂದು ಅಂಗಡಿಗೆ ಕೀಲಿ ಹಾಕಿದ. ನಿನ್ನೆ ಒಂದು ಸ್ಪಷ್ಟೀಕರಣ ಬರೆದು ತಂದ: ‘ವರದಿ ಪೂರ್ತಿ ಸುಳ್ಳು. ಬಣ್ಣದ ಭೇದ ನಮ್ಮ ಅಂಗಡಿಯಲ್ಲಿಲ್ಲ, ಮನೆಯಲ್ಲಂತೂ ಇಲ್ಲವೇ ಇಲ್ಲ.’

“ಸಹಿ ಮಾಡ್ರಿ ವೈನಿ. ಇದು ಪೇಪರದಾಗ ಬಂದ ದಿನಾ ಕೀಲಿ ತಗಿತೇನಿ” ಎಂದ.

ಮಾಡಿದೆ. ಈ ಪತ್ರದ ಹಿಂದೆಯೇ, ನಾಳಿನ ಬಸ್ಸಿಗೆ ಅದು ನಿಮ್ಮ ಕೈಸೇರುತ್ತದೆ. ದಯವಿಟ್ಟು ಅಚ್ಚು ಹಾಕಬೇಡಿ. ಈ ಪತ್ರವನ್ನೂ ಹಾಕಬೇಡಿ, ನಾನು ಇದೇ ಮನೆಯಲ್ಲಿ ಬಾಳಬೇಕು. ಅಂಗಡಿಯ ಕೀಲಿ ಹಾಗೇ ಇರಲಿ.

ಬೆಳಿಗ್ಗೆ ಅಜ್ಜಿಗೆ ನಿಮ್ಮ ಪತ್ರಿಕೆ ಓದಿ ಹೇಳುವವಳು ದಾನೇಶ್ವರಿ. ‘ಮನೆಯಲ್ಲಂತೂ ಇಲ್ಲವೇ ಇಲ್ಲ’ ಎಂಬುದನ್ನೂ ಅದರ ಕೆಳಗಿನ ನನ್ನ ಹೆಸರನ್ನೂ ಅವಳೇ ಓದಬೇಕಾಗುತ್ತದೆ.

ಇಂತಿ,
ಮಹಾನಂದಾ ಕೋರಿ